ವಿ-ಕ್ರಾಸ್: 2 ಇಂಚು ಲಿಫ್ಟ್ ಆದಮೇಲೆ ಸ್ಟೀರಿಂಗ್ ನೇರ ನಿಲ್ಲುತ್ತಿಲ್ಲ

ಪ್ರಶ್ನೆ: ಇಸುಜು ವಿ-ಕ್ರಾಸ್ ಪಿಕಪ್, ಎತ್ತರ ಹೆಚ್ಚಿಸಿದ್ದೇನೆ (ಲಿಫ್ಟ್). ಮುಂದೆ ಸ್ಟ್ರಟ್ ಮೇಲೆ 1 ಇಂಚು ಸ್ಪೇಸರ್ (ಎತ್ತರಿಸುವ ಬಿಲ್ಲೆ; ಚಕ್ರದ ಬಳಿ ಸುಮಾರು 2 ಇಂಚು ಏರಿದೆ), ಹಿಂದೆ ಉದ್ದನೆಯ ಶ್ಯಾಕಲ್ (ಲೀಫ್ ಸ್ಪ್ರಿಂಗ್ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ). 80 ಕಿ.ಮೀ. ವೇಗ ದಾಟಿದರೆ ಗಾಡಿ ಅತ್ತಿತ್ತ ಹರಿದಾಡುತ್ತದೆ, ತಿರುವು ಮುಗಿದರೂ ಸ್ಟೀರಿಂಗ್ ತಾನಾಗಿ ಮಧ್ಯಕ್ಕೆ ಬರುವುದಿಲ್ಲ. ಅಲೈನ್‌ಮೆಂಟ್ ಆಗಿದೆ. ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ಅದುರು ತಗ್ಗಿಸುವ ಶಾಕ್) ಹಾಕಿದರೆ ಸರಿಹೋದೀತಾ?

ಉತ್ತರ 1: ಡ್ಯಾಂಪರ್‌ಗೆ ದುಡ್ಡು ಹಾಕಬೇಡಿ ಸರ್, ಅದು ಕಾಯಿಲೆ ಮುಚ್ಚುತ್ತದೆ ಅಷ್ಟೆ. ಅಲೈನ್‌ಮೆಂಟ್ ಶೀಟ್ ತೆಗೆದು ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿದ ಕೋನ) ಎಷ್ಟಿದೆ ನೋಡಿ. ಬಹಳ ಕಡೆ ಟೋ (ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿದ ಅಳತೆ) ಒಂದನ್ನೇ ಸರಿಮಾಡಿ ಕಳಿಸುತ್ತಾರೆ. ಎತ್ತರ ಹೆಚ್ಚಿದಾಗ ಕ್ಯಾಸ್ಟರ್ ಇಳಿಯುತ್ತದೆ. ನೀವು ಹೇಳಿದ ಎರಡೂ ಲಕ್ಷಣ ಅದರದೇ.

ಅದಕ್ಕೂ ಮೊದಲು ಮುಂದಿನ ಚಕ್ರ ಎತ್ತಿ ಅಲ್ಲಾಡಿಸಿ. ಮೇಲೆ-ಕೆಳಗೆ ಹಿಡಿದಾಗ ಪ್ಲೇ (ಸಡಿಲ) ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್, ಎಡ-ಬಲಕ್ಕಿದ್ದರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್. ಸವೆದ ಭಾಗ ಇಟ್ಟುಕೊಂಡು ಮಾಡಿದ ಅಲೈನ್‌ಮೆಂಟ್ ನಿಲ್ಲುವುದಿಲ್ಲ.

ಪ್ಲೇ ಇಲ್ಲ, ಕ್ಯಾಸ್ಟರ್ ಮಾತ್ರ ಕಡಿಮೆ ಎಂದಾದರೆ ಲಿಫ್ಟ್‌ಗೆಂದೇ ಮಾಡಿದ ಅಪ್ಪರ್ ಆರ್ಮ್ (ಸಸ್ಪೆನ್ಷನ್‌ನ ಮೇಲಿನ ತೋಳು) ಜೋಡಿ ಹಾಕಿಸಿ. ಬಿಚ್ಚುವಾಗ ಲೋಯರ್ ಆರ್ಮ್ ಕೆಳಗೆ ಜ್ಯಾಕ್ ಇರಲಿ, ನಕಲ್ (ಚಕ್ರ ಕೂರುವ ಸ್ಟೀರಿಂಗ್ ಭಾಗ) ಹೊರಕ್ಕೆ ವಾಲಿ ಬ್ರೇಕ್ ಹೋಸ್ ಎಳೆಯಬಾರದು. ಬಾಲ್ ಜಾಯಿಂಟ್ ನಟ್ಟನ್ನು ಮ್ಯಾನ್ಯುಅಲ್ ಹೇಳಿದ ಟಾರ್ಕ್‌ಗೆ ಬಿಗಿದ ಮೇಲೆ ಪಿನ್ನಿನ ತೂತು ಕೂಡದಿದ್ದರೆ ನಟ್ಟಿನ ಮುಂದಿನ ಕಚ್ಚಿನವರೆಗೆ ಬಿಗಿ ಮಾಡಿ, ಹಿಂದಕ್ಕೆ ಸಡಿಲಿಸಬೇಡಿ. ರಬ್ಬರ್ ಬುಷ್ ಇದ್ದರೆ ಅದರ ಬೋಲ್ಟ್‌ಗಳ ಕೊನೆಯ ಬಿಗಿತ ಗಾಡಿ ನೆಲದ ಮೇಲೆ ನಿಂತ ಮೇಲೆಯೇ. ಚಕ್ರ ನೇತಾಡುವಾಗ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಉತ್ತರ 2: ಹಿಂಭಾಗವನ್ನೂ ಅಳೆಯಿರಿ. ವೀಲ್‌ಬೇಸ್ ಸುಮಾರು 3.1 ಮೀಟರ್, ಮುಂಭಾಗಕ್ಕಿಂತ ಹಿಂಭಾಗ 1 ಇಂಚು ಹೆಚ್ಚು ಎದ್ದರೂ ಅರ್ಧ ಡಿಗ್ರಿಯಷ್ಟು ಕ್ಯಾಸ್ಟರ್ ಹೋಗುತ್ತದೆ. ಖರ್ಚಿಲ್ಲದ ಪರೀಕ್ಷೆ: ಹಳೆಯ ಶ್ಯಾಕಲ್ ಹಾಕಿ ಒಮ್ಮೆ ಓಡಿಸಿ ನೋಡಿ. ಉದ್ದ ಶ್ಯಾಕಲ್ ಆಕ್ಸಲನ್ನೂ ತಿರುಗಿಸುತ್ತದೆ, ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಆಕ್ಸಲ್‌ಗೆ ಸೇರುವ ಗೇರ್) ಕೋನ ಕೆಟ್ಟು ಪ್ರೊಪೆಲ್ಲರ್ ಶಾಫ್ಟ್ ನಡುಗಬಹುದು. ಎತ್ತರ ಬೇಕೇ ಬೇಕಿದ್ದರೆ ಲೀಫ್ ಸ್ಪ್ರಿಂಗ್ ಸೆಟ್ ಬದಲಿಸುವುದು ಮೇಲು. ಯು-ಬೋಲ್ಟ್ ಹೊಸದೇ ಹಾಕಿ, 500 ಕಿ.ಮೀ. ಓಡಿದ ಮೇಲೆ ಮತ್ತೆ ಬಿಗಿ ನೋಡಿ.

ಉತ್ತರ 1: ಶ್ಯಾಕಲ್ ವಿಷಯ ಸರಿ, ಅದೇ ಮೊದಲು ಮಾಡಿ. ಜೊತೆಗೆ ಚಕ್ರ ಪೂರ್ತಿ ಕೆಳಗಿಳಿದಾಗ ಅಪ್ಪರ್ ಆರ್ಮ್ ಸ್ಪ್ರಿಂಗ್‌ಗೆ ತಾಗಿದ ಗುರುತು ಇದೆಯಾ, ಸಿವಿ ಬೂಟ್ (ಮುಂದಿನ ಡ್ರೈವ್ ಶಾಫ್ಟ್ ಕೀಲಿನ ರಬ್ಬರ್ ಹೊದಿಕೆ) ಮಡಿಕೆಯಲ್ಲಿ ಗ್ರೀಸ್ ಒಸರಿದೆಯಾ ನೋಡಿ. ತಾಗುತ್ತಿದ್ದರೆ ಸ್ಪೇಸರ್ ತೆಳುವಾಗಲೇಬೇಕು.