ಅಪ್‌ಡೇಟ್: ಮುರುಡೇಶ್ವರಕ್ಕೆ ಹೋಗಿ ಬಂದೆವು

ದಾವಣಗೆರೆಯಿಂದ ಮಕ್ಕಳ ಜೊತೆ ಮುರುಡೇಶ್ವರಕ್ಕೆ ಹೊರಟಿದ್ದೇವೆ, ಜೆಲ್ಲಿಫಿಶ್ ಕುಟುಕಿದರೆ ಏನು ಮಾಡಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ನಿಮ್ಮ ಮಾತು ನಿಜಕ್ಕೂ ಕೆಲಸಕ್ಕೆ ಬಂತು.

ತಮ್ಮನ ಮಗಳ ಕಾಲಿಗೆ ಜೆಲ್ಲಿಫಿಶ್‌ನ ದಾರದಂಥ ಎಳೆ ತಾಗಿತು. ಕೆಂಪು ಗೆರೆ ಎದ್ದು ಜೋರಾಗಿ ಅತ್ತಳು. ಅಲ್ಲಿದ್ದ ಒಬ್ಬರು ಮರಳು ಹಾಕಿ ಉಜ್ಜಿ ಎಂದರು. ನಾವು ಉಜ್ಜಲಿಲ್ಲ. ಉಜ್ಜಿದರೆ ಎಳೆಯಲ್ಲಿ ಉಳಿದಿರುವ ಕುಟುಕು ಕೋಶಗಳು ಸಿಡಿದು ಇನ್ನೂ ವಿಷ ಬಿಡುತ್ತವೆ. ಸಿಹಿನೀರು ಸುರಿದರೂ ಹಾಗಾಗಬಹುದು. ಅದಕ್ಕೇ ಸಮುದ್ರದ ನೀರಲ್ಲೇ ತೊಳೆದು, ಚಿಮಟದಿಂದ ಎಳೆ ತೆಗೆದೆವು. ರೂಮಿಗೆ ಹೋಗಿ, ಚರ್ಮ ಸುಡದಷ್ಟು ಬಿಸಿ, ಅಂದರೆ ಸುಮಾರು 40ರಿಂದ 45 ಡಿಗ್ರಿ ನೀರಲ್ಲಿ ಕಾಲಿಡಿಸಿದೆವು. ಉರಿ ಇಳಿಯಿತು. ಉಸಿರಾಟಕ್ಕೆ ತೊಂದರೆಯಾದರೆ, ಮುಖ ಊದಿದರೆ ಮಾತ್ರ ಇದನ್ನೆಲ್ಲ ಮಾಡುತ್ತಾ ಕೂರಬಾರದು, ಸೀದಾ ಆಸ್ಪತ್ರೆಗೆ ಓಡಬೇಕು.

ದಡದಲ್ಲಿ ಸತ್ತು ಬಿದ್ದ ಜೆಲ್ಲಿಫಿಶ್ ಕೂಡ ಕುಟುಕುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಿ, ಅವರಿಗೆ ಮುಟ್ಟಿ ನೋಡುವ ಆಸೆ ಜಾಸ್ತಿ ಅಲ್ವಾ.

ಕಡಲಪಾಚಿಗೆ ಸುಮ್ನೆ ಹೆದರಿದ್ದೆ. ಅದು ಏನೂ ಮಾಡಲ್ಲ, ಬಂಡೆ ಮೇಲೆ ಮಾತ್ರ ಜಾರುತ್ತದೆ. ಬಾಲದಲ್ಲಿ ವಿಷಮುಳ್ಳಿರುವ ತೊರಕೆ ಮೀನು ಮರಳಲ್ಲಿ ಹುದುಗಿರುತ್ತದೆ, ಆದ್ದರಿಂದ ನೀರಲ್ಲಿ ಕಾಲು ಎತ್ತಿಡದೆ ಎಳೆದುಕೊಂಡು ನಡೆದರೆ ಒಳ್ಳೆಯದು. ಪಾದಕ್ಕೆ ಟಾರ್ ಉಂಡೆ (ಕಡಲಿಗೆ ಸೋರಿದ ಕಚ್ಚಾ ತೈಲ ಗಟ್ಟಿಯಾಗಿ ದಡಕ್ಕೆ ಬರುವ ಕಪ್ಪು ಅಂಟು ಉಂಡೆ) ಅಂಟಿದರೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಬಿಡುತ್ತದೆ.