ಡಾಸ್: ಫ್ಲಾಪಿಗೆ ಕಾಪಿ ಅರ್ಧಕ್ಕೇ ನಿಲ್ಲುತ್ತಿದೆ, ಜಾಗ ಮಾತ್ರ ಖಾಲಿ ಇದೆ!!

ಹೊಸಬ_ಡಾಸ್: ತಲೆ ಕೆಟ್ಟುಹೋಗಿದೆ. ಹಳೇ 486 ಕಂಪ್ಯೂಟರಿನಲ್ಲಿ ಡಾಸ್ 6.22 (ಕಮಾಂಡ್ ಟೈಪ್ ಮಾಡಿ ನಡೆಸುವ ಆಪರೇಟಿಂಗ್ ಸಿಸ್ಟಂ) ಕಲಿಯುತ್ತಿದ್ದೇನೆ. ಸಿ ಡ್ರೈವ್‌ನ ಒಂದು ಡೈರೆಕ್ಟರಿಯಿಂದ (ಫೋಲ್ಡರ್) ಸ್ಟಾರ್ ಡಾಟ್ ಸ್ಟಾರ್, ಅಂದರೆ ಎಲ್ಲಾ ಫೈಲ್ ಅಂತ ಹಾಕಿ ಫ್ಲಾಪಿಗೆ ಕಾಪಿ ಮಾಡಿದರೆ, ಸುಮಾರು ಹೋಗಿ ಆಮೇಲೆ ಏನೋ ಎರರ್ ಕೊಟ್ಟು ನಿಲ್ಲುತ್ತದೆ. ಡಿಐಆರ್ ಹೊಡೆದು ಪಟ್ಟಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಖಾಲಿ. ಬೇರೆ ಫ್ಲಾಪಿ ಹಾಕಿದರೂ ಅದೇ ಕಥೆ.

ಹೆಡ್‌ಕ್ಲೀನರ್: ಡ್ರೈವ್ ಹೆಡ್ ಕೊಳೆಯಾಗಿದೆ. ಕಣ್ಣು ಮುಚ್ಚಿಕೊಂಡು ಹೇಳಬಹುದು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೆಲ್ಲಗೆ ಒರೆಸಿ, ಡಿಸ್ಕ್ ಪರೀಕ್ಷಿಸುವ ಸ್ಕ್ಯಾನ್‌ಡಿಸ್ಕ್ ಓಡಿಸಿ.

ಹೊಸಬ_ಡಾಸ್: ಒರೆಸಿದ್ದಾಯಿತು ಸಾರ್. ಬ್ಯಾಡ್ ಸೆಕ್ಟರ್ (ಡಿಸ್ಕಿನ ಕೆಟ್ಟ ತುಣುಕು) ಒಂದೂ ಇಲ್ಲ. ನಿಲ್ಲುವ ಜಾಗದಲ್ಲೇ ನಿಲ್ಲುತ್ತದೆ.

ಹೆಡ್‌ಕ್ಲೀನರ್: ಹಾಗಾದರೆ ಕೇಬಲ್. ಇಲ್ಲಾಂದ್ರೆ ಹೆಡ್ ಅಲೈನ್‌ಮೆಂಟ್. ಡ್ರೈವ್ ಬದಲಾಯಿಸಿ.

ಬ್ಯಾಚ್‌ಬಾಸ್: ಕಾಪಿ ಯಾಕೆ ಬಳಸುತ್ತೀರಿ? ಎಕ್ಸ್‌ಕಾಪಿ ಹಾಕಿ. ಮೆಮೊರಿಗೆ ಹಿಡಿಸುವಷ್ಟು ಫೈಲ್ ಓದಿಕೊಂಡು ಒಟ್ಟಿಗೆ ಬರೆಯುತ್ತದೆ.

ಪ್ರಾಂಪ್ಟ್‌ಪ್ರೇಮಿ: ಅದು ಹಿಡನ್ (ಅಡಗಿಸಿಟ್ಟ) ಫೈಲ್ ಬಿಟ್ಟುಬಿಡುತ್ತದೆ, ಗೊತ್ತಲ್ವಾ?

ಬ್ಯಾಚ್‌ಬಾಸ್: ಕಾಪಿಯೂ ಬಿಡುತ್ತದೆ. ಸುಮ್ನೆ ಕೊಂಕು ತೆಗೆಯಬೇಡಿ.

ಸೆಕ್ಟರ್_ಶೂರ: ನಿಮ್ಮ ಜಗಳ ಆಮೇಲೆ. ಹೊಸಬರೇ, ಎಷ್ಟು ಫೈಲ್? ಫ್ಲಾಪಿಯಲ್ಲಿ ಡೈರೆಕ್ಟರಿ ಮಾಡಿದ್ದೀರಾ, ಇಲ್ಲ ನೇರವಾಗಿ ರೂಟ್‌ಗೆ, ಅಂದರೆ ಫ್ಲಾಪಿಯ ಮೇಲಿನ ಹಂತಕ್ಕೇ ಸುರಿಯುತ್ತಿದ್ದೀರಾ?

ಹೊಸಬ_ಡಾಸ್: ಎಲ್ಲಾ ಪುಟ್ಟ ಟೆಕ್ಸ್ಟ್ ಫೈಲ್, ಒಂದೊಂದು ಒಂದೆರಡು ಕೆಬಿ. ಮುನ್ನೂರರ ಮೇಲಿರಬಹುದು. ನೇರ ಎ ಡ್ರೈವ್‌ಗೇ. 1.44 ಎಂಬಿ ಫ್ಲಾಪಿ ಅಂತ ಹೇಳಬೇಕಾ?

ಸೆಕ್ಟರ್_ಶೂರ: ಹೇಳಲೇಬೇಕು, ಎಲ್ಲ ಇರುವುದೇ ಅಲ್ಲಿ. ಆ ಫ್ಲಾಪಿಯ ರೂಟ್ ಡೈರೆಕ್ಟರಿಗೆ ಫಾರ್ಮ್ಯಾಟ್ ಮಾಡುವಾಗಲೇ 14 ಸೆಕ್ಟರ್ ಎತ್ತಿಟ್ಟಿರುತ್ತದೆ. ಸೆಕ್ಟರ್ 512 ಬೈಟ್, ಒಂದು ಎಂಟ್ರಿಗೆ, ಅಂದರೆ ಒಂದು ಫೈಲಿನ ಹೆಸರು-ವಿವರಕ್ಕೆ 32 ಬೈಟ್. ಸೆಕ್ಟರ್‌ಗೆ 16ರಂತೆ ಒಟ್ಟು 224 ಎಂಟ್ರಿ, ಮುಗೀತು. ಡಿಸ್ಕ್‌ಗೆ ಲೇಬಲ್ ಕೊಟ್ಟಿದ್ದರೆ ಅದೂ ಒಂದನ್ನು ತಿನ್ನುತ್ತದೆ, 223ಕ್ಕೇ ನಿಲ್ಲುತ್ತದೆ. ಜಾಗ ಎಷ್ಟಿದ್ದರೇನು, ಹೆಸರು ಬರೆಯಲು ಎಡೆ ಇಲ್ಲ.

ರೂಟ್‌ನಲ್ಲಿ ಇರುವುದನ್ನು ಮೊದಲು ಅಳಿಸಿ, ಇಲ್ಲಾಂದ್ರೆ ಡೈರೆಕ್ಟರಿ ಮಾಡುವ ಎಂಡಿ ಕಮಾಂಡಿಗೂ ಜಾಗ ಸಿಗಲ್ಲ. ಆಮೇಲೆ ಎಂಡಿ ಹಾಕಿ ಒಂದು ಡೈರೆಕ್ಟರಿ ಮಾಡಿ, ಅದರೊಳಗೆ ಕಾಪಿ ಮಾಡಿ. ಸಬ್‌ಡೈರೆಕ್ಟರಿಗೆ ಈ ಮಿತಿ ಇಲ್ಲ, ಜಾಗ ಇರುವಷ್ಟೂ ಬೆಳೆಯುತ್ತದೆ. ಅಳಿಸಲು ಡೆಲ್ ಹೊಡೆಯುವ ಮುಂಚೆ ಪ್ರಾಂಪ್ಟ್‌ನಲ್ಲಿ (ಕಮಾಂಡ್ ಬರೆಯುವ ಸಾಲಿನ ಆರಂಭದಲ್ಲಿ) ಫ್ಲಾಪಿಯ ಎ ಇದೆಯಾ ನೋಡಿಕೊಳ್ಳಿ. ಸಿ ಡ್ರೈವ್‌ನಲ್ಲೇ ನಿಂತು ಸ್ಟಾರ್ ಡಾಟ್ ಸ್ಟಾರ್ ಅಳಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಹೆಡ್‌ಕ್ಲೀನರ್: ಅದೇನೇ ಇರಲಿ, ಆ ಡ್ರೈವ್ ಜಾಸ್ತಿ ದಿನ ಬಾಳಲ್ಲ.

ಬ್ಯಾಚ್‌ಬಾಸ್: ನನ್ನ 486 ಡಿಎಕ್ಸ್2-66ರಲ್ಲಿ ಫ್ಲಾಪಿ ಸಹವಾಸವೇ ಇಲ್ಲ. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನೇ ಹಾರ್ಡ್ ಡಿಸ್ಕ್ ಮಾಡಿಕೊಂಡಿದ್ದೇನೆ. 4 ಜಿಬಿ, ಸದ್ದೇ ಇಲ್ಲ.

ಪ್ರಾಂಪ್ಟ್‌ಪ್ರೇಮಿ: 6.22ರಲ್ಲಿ ಒಂದು ಪಾರ್ಟಿಷನ್ (ಡಿಸ್ಕಿನ ಭಾಗ) 2 ಜಿಬಿ ದಾಟಲ್ವಲ್ಲ?

ಬ್ಯಾಚ್‌ಬಾಸ್: ಅದಕ್ಕೇ ಎರಡು ಮಾಡಿದ್ದು. ಫೋಟೋ ಹಾಕಲಾ?

ಹೊಸಬ_ಡಾಸ್: ಎಂಡಿ ಹಾಕಿದೆ, ಎಲ್ಲಾ ಹೋಯಿತು, ಥ್ಯಾಂಕ್ಸ್ ಶೂರ ಅವರೇ. ಈಗ ಹೊಸ ಗೋಳು. ಸಿ ಡ್ರೈವ್‌ನಲ್ಲಿದ್ದ ಹಳೇ ಫೈಲ್‌ಗಳನ್ನು ಅಳಿಸಿ ಆರ್‌ಡಿ ಹಾಕಿ ಡೈರೆಕ್ಟರಿಯನ್ನೇ ತೆಗೆಯಲು ಹೋದರೆ ಅದು ಖಾಲಿ ಇಲ್ಲ ಅನ್ನುತ್ತದೆ. ಡಿಐಆರ್‌ನಲ್ಲಿ ಒಂದೂ ಕಾಣಲ್ಲ!

ಪ್ರಾಂಪ್ಟ್‌ಪ್ರೇಮಿ: ಡಿಐಆರ್ ಸ್ಲ್ಯಾಶ್ ಎ ಹಾಕಿ. ಹಿಡನ್ ಫೈಲ್ ಇದ್ದರೆ ಕಾಣಿಸುತ್ತದೆ, ಆಟ್ರಿಬ್ ಮೈನಸ್ ಎಚ್ ಕೊಟ್ಟು ಹಿಡನ್ ಗುರುತು ತೆಗೆದು ಅಳಿಸಿ. ಅಳಿಸುವ ಮುಂಚೆ ಏನದು ಅಂತ ನೋಡಿ, ಅದು ಫ್ಲಾಪಿಗೆ ಹೋಗಿರಲ್ಲ. ಕೊಂಕಂತೆ!