ಡೀಸೆಲ್ ಕಾರಿನ ಇಜಿಆರ್ ಮುಚ್ಚಿಸಿದರೆ ಮೈಲೇಜ್ ಬರುತ್ತಾ?

ಪ್ರಶ್ನೆ (ಹಡಪ್ಸರ್, ಪುಣೆ)
ಬಿಎಸ್4 ಡೀಸೆಲ್ ಕಾರು, 92,000 ಕಿಮೀ ಓಡಿದೆ. ಲೀಟರಿಗೆ 19 ಕೊಡುತ್ತಿದ್ದದ್ದು 16ಕ್ಕೆ ಇಳಿದಿದೆ. ಸಿಗ್ನಲ್‌ನಲ್ಲಿ ಇಂಜಿನ್ ನಡುಗುತ್ತದೆ, ಎಕ್ಸಿಲರೇಟರ್ ಒತ್ತಿದರೆ ಕಪ್ಪು ಹೊಗೆ. ಗ್ಯಾರೇಜಿನವರು ಇಜಿಆರ್‌ಗೆ (ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ ಒಳಗೆ ಬಿಡುವ ವಾಲ್ವ್) ತಗಡು ಹಾಕಿ ಮುಚ್ಚೋಣ ಅಂತಿದ್ದಾರೆ. ಆದರೆ ಇಜಿಆರ್‌ನಿಂದ ಮೈಲೇಜ್ ಉಳಿಯುತ್ತದೆ ಅಂತಲೂ ಓದಿದ್ದೇನೆ. ಯಾವುದು ಸರಿ?

ಉತ್ತರ (ಠಾಣೆ)
ನೀವು ಓದಿದ್ದು ಪೆಟ್ರೋಲ್ ಇಂಜಿನ್ ಮಾತು ಸರ್. ಅದು ನಿಧಾನಕ್ಕೆ ಓಡುವಾಗ ಥ್ರಾಟಲ್ (ಗಾಳಿ ಒಳಬಿಡುವ ಬಾಗಿಲು) ಸ್ವಲ್ಪವೇ ತೆರೆದಿರುತ್ತದೆ, ಆ ಸಂದಿಯಿಂದ ಗಾಳಿ ಎಳೆಯಲು ಪಿಸ್ಟನ್ ಹೆಣಗುತ್ತದೆ. ಸುಟ್ಟ ಹೊಗೆ ಒಂದಿಷ್ಟು ಒಳಗೆ ಬಂದರೆ ಅಷ್ಟೇ ಶಕ್ತಿಗೆ ಥ್ರಾಟಲ್ ಹೆಚ್ಚು ತೆರೆಯಬೇಕಾಗುತ್ತದೆ, ಹೆಣಗಾಟ ತಗ್ಗುತ್ತದೆ. ಉರಿಯ ಬಿಸಿ ಇಳಿಯುವುದರಿಂದ ಸಿಲಿಂಡರ್ ಗೋಡೆಗೆ ಹೋಗಿ ಹಾಳಾಗುವ ಶಾಖವೂ ಕಡಿಮೆ. ಉಳಿಯುವುದು ನೂರಕ್ಕೆ ಎರಡೋ ಮೂರೋ, ಅಷ್ಟೇ.

ಡೀಸೆಲ್‌ನಲ್ಲಿ ಶಕ್ತಿ ಹೆಚ್ಚುಕಡಿಮೆಯಾಗುವುದು ಥ್ರಾಟಲ್‌ನಿಂದಲ್ಲ, ಇಂಧನದ ಅಳತೆಯಿಂದ, ಆದ್ದರಿಂದ ಆ ಲಾಭ ಇಲ್ಲ. ಅಲ್ಲಿ ಇಜಿಆರ್ ಇಟ್ಟಿರುವುದು ನೈಟ್ರೋಜನ್ ಆಕ್ಸೈಡ್ ತಗ್ಗಿಸಲು. ಆಮ್ಲಜನಕ ಕಡಿಮೆಯಾಗಿ ಮಸಿ ಹೆಚ್ಚುತ್ತದೆ, ಮೈಲೇಜ್ ಕೂದಲೆಳೆಯಷ್ಟು ಇಳಿಯಬಹುದು. 3 ಕಿಮೀ ಇಳಿದಿದೆ ಅಂದರೆ ವಾಲ್ವ್ ತೆರೆದೇ ಸಿಕ್ಕಿಕೊಂಡಿರುವ ಅನುಮಾನ.

ಉತ್ತರ (ಪಿಂಪ್ರಿ)
ಮೇಲಿನವರು ಹೇಳಿದ್ದು ಸರಿ, ಆದರೆ ವಾಲ್ವ್ ಬಿಚ್ಚುವ ಮುಂಚೆ ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಹೋಸ್ ಸೀಳಿದೆಯಾ, ಏರ್ ಫಿಲ್ಟರ್ ಕಟ್ಟಿದೆಯಾ ನೋಡಿ. ಕಪ್ಪು ಹೊಗೆ ಅವುಗಳಿಂದಲೂ ಬರುತ್ತದೆ. ಸ್ಕ್ಯಾನರ್ ಹಾಕಿಸಿ: ಪಿ0402 ಅನ್ನುವ ದೋಷದ ಕೋಡ್ ಬಂದರೆ ಹೊಗೆ ಬೇಕಾದ್ದಕ್ಕಿಂತ ಹೆಚ್ಚು ಒಳಬರುತ್ತಿದೆ, ಪಿ0401 ಅಂದರೆ ಸಾಲುತ್ತಿಲ್ಲ.

ಇಂಜಿನ್ ಪೂರ್ತಿ ಆರಿದ ಮೇಲೆ ಬ್ಯಾಟರಿಯ ಮೈನಸ್ ತೆಗೆದು ವಾಲ್ವ್ ಬಿಚ್ಚಿ. ಮಸಿಗೆ ಇಂಜಿನ್ ಆಯಿಲ್ ಆವಿ ಸೇರಿ ವಾಲ್ವ್ ಕೂತು ಮುಚ್ಚುವ ಜಾಗದ ಸುತ್ತ ಡಾಂಬರಿನ ಹಾಗೆ ಕಚ್ಚಿಕೊಂಡಿರುತ್ತದೆ, ಅದರಿಂದಲೇ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಕಾರ್ಬ್ ಕ್ಲೀನರ್ ಹೊಡೆದು 15 ನಿಮಿಷ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ. ಮೋಟಾರ್ ಭಾಗ ಮೇಲಕ್ಕಿರಲಿ, ದ್ರವ ಅದರೊಳಗೆ ಇಳಿದರೆ ವಾಲ್ವೇ ಹೋಯಿತು. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಒಳಗಿನ ಪ್ಲಾಸ್ಟಿಕ್ ಗೇರ್ ಹಲ್ಲು ಮುರಿಯುತ್ತದೆ. ಗ್ಯಾಸ್ಕೆಟ್ ಹೊಸದೇ ಹಾಕಿ. ಕೊನೆಗೆ ಸ್ಕ್ಯಾನರ್‌ನಲ್ಲಿ ವಾಲ್ವ್ ರೀಲರ್ನ್ (ಮುಚ್ಚಿದ-ತೆರೆದ ಸ್ಥಾನ ಹೊಸದಾಗಿ ಗುರುತಿಸುವುದು) ಮಾಡಿಸಿ, ಎಷ್ಟೋ ಕಡೆ ಇದನ್ನೇ ಬಿಟ್ಟು ಕಳಿಸುತ್ತಾರೆ.

ಉತ್ತರ (ಮಡಗಾಂವ್)
ತಗಡು ಬೇಡ. ಇಜಿಆರ್ ತೆರೆದಾಗ ಹೊರಗಿನ ಗಾಳಿ ಎಷ್ಟು ಕಡಿಮೆಯಾಗಬೇಕು ಅನ್ನುವ ಲೆಕ್ಕ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬಳಿ ಇರುತ್ತದೆ. ಏರ್‌ಫ್ಲೋ ಸೆನ್ಸರ್ ಆ ಇಳಿತ ತೋರಿಸದಿದ್ದರೆ ಚೆಕ್ ಇಂಜಿನ್ ಲೈಟ್ ಹತ್ತುತ್ತದೆ, ಕೆಲವು ಗಾಡಿಗಳಲ್ಲಿ ಪಿಕಪ್ಪೇ ಕಟ್ ಆಗುತ್ತದೆ. ಡೀಸೆಲ್ ಗಾಡಿಯ ಪಿಯುಸಿ ಹೊಗೆ ತಪಾಸಣೆಯಲ್ಲಿ ನೋಡುವುದು ಹೊಗೆಯ ದಟ್ಟಣೆ ಮಾತ್ರ. ನೈಟ್ರೋಜನ್ ಆಕ್ಸೈಡ್ ಎಷ್ಟೇ ಏರಿದರೂ ಅಲ್ಲಿ ಪಾಸ್ ಆಗುತ್ತದೆ, ಉಸಿರಾಡುವವರು ಮಾತ್ರ ನಾವೇ.

ಇನ್ನೊಂದು: ಖಂಡಾಳ ಘಾಟ್ ಏರುವಾಗ, ಪೂರ್ತಿ ಲೋಡಿನಲ್ಲಿ, ಇಸಿಯು ಇಜಿಆರ್ ಮುಚ್ಚಿರುತ್ತದೆ. ಅಲ್ಲೂ ಕಪ್ಪು ಹೊಗೆ ಬಂದರೆ ವಾಲ್ವ್ ಮುಚ್ಚುತ್ತಿಲ್ಲ, ಇಲ್ಲವೇ ಟರ್ಬೊ ಕಡೆ ಸೋರುತ್ತಿದೆ. ಕೂಲಂಟ್ ಮಟ್ಟವನ್ನೂ ಗುರುತು ಹಾಕಿಟ್ಟು ನೋಡಿ. ಹೊರಗೆ ಎಲ್ಲೂ ಸೋರದೆ ಇಳಿಯುತ್ತಿದ್ದು, ಬಿಳಿ ಹೊಗೆಯೂ ಇದ್ದರೆ ಇಜಿಆರ್ ಕೂಲರ್ (ಆ ಹೊಗೆಯನ್ನು ಕೂಲಂಟ್‌ನಿಂದ ತಣಿಸುವ ಭಾಗ) ಪ್ರೆಶರ್ ಟೆಸ್ಟ್ ಮಾಡಿಸದೆ ಗಾಡಿ ದೂರ ತೆಗೆದುಕೊಂಡು ಹೋಗಬೇಡಿ.